ಒಲೆಯಿಂದ ಶುರು ಮಾಡಿ: ನಿರಾಶ್ರಿತರ ಶಿಬಿರದಲ್ಲಿ ಅಡುಗೆ ಪರಂಪರೆ ಉಳಿಸಿಕೊಳ್ಳುವುದು ಹೇಗೆ

ಶಿಬಿರದ ಅಡುಗೆ ಉಳಿಸಬೇಕೆಂದು ಹೊರಡುವ ಹೆಚ್ಚಿನವರ ಚೀಲದಲ್ಲಿ ಒಂದು ನೋಟ್‌ಬುಕ್, ಒಂದು ಕ್ಯಾಮೆರಾ ಇರುತ್ತದೆ. ವಯಸ್ಸಾದ ಹೆಂಗಸರನ್ನು ಕೂರಿಸಿಕೊಂಡು ‘ನಿಮ್ಮೂರ ಅಡುಗೆ ಹೇಳಿ’ ಎಂದು ಕೇಳುತ್ತಾರೆ. ಇಪ್ಪತ್ತು ಮೂವತ್ತು ಪಾಕವಿಧಾನ ಬರೆದುಕೊಳ್ಳುತ್ತಾರೆ. ಚೆಂದದ ಪುಸ್ತಕ ಬರುತ್ತದೆ, ಬಿಡುಗಡೆ ಸಮಾರಂಭ ಆಗುತ್ತದೆ, ಪ್ರತಿಗಳು ದೂರದ ನಗರದ ಗ್ರಂಥಾಲಯ ಸೇರುತ್ತವೆ. ಶಿಬಿರದಲ್ಲಿ ಆ ಅಡುಗೆ ಮೊದಲೂ ಆಗುತ್ತಿರಲಿಲ್ಲ, ಆಮೇಲೂ ಆಗುವುದಿಲ್ಲ.

ಮರೆತುಹೋಗಿ ನಿಂತ ಅಡುಗೆ ಕಡಿಮೆ. ಸೌದೆ ಸಿಗದೆ, ಗಿರಣಿ ಇಲ್ಲದೆ, ಅಷ್ಟಗಲದ ಕಾವಲಿ ಇಲ್ಲದೆ ನಿಂತದ್ದೇ ಹೆಚ್ಚು. ಹಾಗಾಗಿ ಇಲ್ಲಿ ಒಲೆ ಮೊದಲು, ಪುಸ್ತಕ ಕೊನೆಗೆ. ಶಿಬಿರದಲ್ಲೇ ಇರುವ ಯುವಕ ಯುವತಿಯರು, ಅವರ ಜೊತೆ ಕೆಲಸ ಮಾಡುವ ಸ್ವಯಂಸೇವಕರು, ಬೇರೆ ದೇಶದಲ್ಲಿ ನೆಲೆ ಕಂಡಿರುವ ಅದೇ ಸಮುದಾಯದವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

‘ಶಿಬಿರ ತಾತ್ಕಾಲಿಕ, ಊರಿಗೆ ಹೋದ ಮೇಲೆ ನೋಡಿಕೊಳ್ಳೋಣ’ ಎನ್ನುವವರೂ ಇದ್ದಾರೆ. ಪಶ್ಚಿಮ ಸಹಾರಾದಿಂದ ಓಡಿಬಂದ ಸಹ್ರಾವಿ ಜನ ಅಲ್ಜೀರಿಯಾದ ಟಿಂಡೂಫ್ ಮರಳುಗಾಡಿನಲ್ಲಿ ಬೀಡುಬಿಡಲು ಶುರುವಾದದ್ದು 1975ರ ಕೊನೆಯಲ್ಲಿ. ಥಾಯ್ಲೆಂಡ್ ಗಡಿಯ ಮೇ ಲಾ ಶಿಬಿರ 1984ರದು, ಕೀನ್ಯಾದ ದದಾಬ್ 1991ರದು. ಶಿಬಿರದಲ್ಲೇ ಹುಟ್ಟಿ ಅಲ್ಲೇ ಮೊಮ್ಮಕ್ಕಳನ್ನು ಕಂಡವರಿದ್ದಾರೆ. ಕಾಯುತ್ತ ಕೂರುವಷ್ಟು ಹೊತ್ತು ಅಡುಗೆಗೆ ಇಲ್ಲ.

ಹೆಜ್ಜೆ 1: ನಿಂತುಹೋದ ಅಡುಗೆಗಳ ಪಟ್ಟಿ ಮಾಡಿ

‘ನಿಮ್ಮ ವಿಶೇಷ ಅಡುಗೆ ಯಾವುದು’ ಎಂದು ಕೇಳಬೇಡಿ. ಕೇಳಿದರೆ ಮದುವೆಯ ಅಡುಗೆ ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಬದಲಿಗೆ ‘ಇಲ್ಲಿಗೆ ಬಂದ ಮೇಲೆ ಮಾಡುವುದನ್ನು ಬಿಟ್ಟ ಅಡುಗೆ ಯಾವುದು, ಯಾಕೆ ಬಿಟ್ಟಿರಿ’ ಎಂದು ಕೇಳಿ. ಹತ್ತು ಹದಿನೈದು ಮನೆ ತಿರುಗಿದರೆ ಉತ್ತರಗಳು ತಾವಾಗಿಯೇ ನಾಲ್ಕು ಗುಂಪಾಗುತ್ತವೆ: ಸಾಮಾನು ಸಿಗುವುದಿಲ್ಲ; ಉರುವಲು ಮತ್ತು ನೀರು ಸಾಲುವುದಿಲ್ಲ; ಪಾತ್ರೆ ಇಲ್ಲ; ಜೊತೆಗೆ ಮಾಡುವ ಜನ ಇಲ್ಲ. ಒಂದೊಂದು ಅಡುಗೆಯ ಮುಂದೆ ಅದರ ಕಾರಣ ಬರೆದುಕೊಳ್ಳಿ. ಮುಂದಿನ ಕೆಲಸಕ್ಕೆಲ್ಲ ಈ ಹಾಳೆಯೇ ಆಧಾರ.

ಉರುವಲಿನ ವಿಷಯ ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. 2017ರ ಆಗಸ್ಟ್‌ನಿಂದಾಚೆ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದಾಗ ಸುತ್ತಲ ಗುಡ್ಡಗಳ ಮರವೇ ಸೌದೆಯಾಯಿತು. ಗುಡ್ಡ ಬೋಳಾದಂತೆ ಸೌದೆಗೆ ನಡೆಯುವ ದಾರಿ ಉದ್ದವಾಯಿತು. 2018ರಿಂದ ವಿಶ್ವಸಂಸ್ಥೆಯ ಸಂಸ್ಥೆಗಳು ಗ್ಯಾಸ್ ಸಿಲಿಂಡರ್, ಒಲೆ ಹಂಚತೊಡಗಿದವು. ಸೌದೆಯ ಅಲೆದಾಟ ತಪ್ಪಿತು. ಆದರೆ ಸಿಲಿಂಡರ್ ಬರುವುದು ಲೆಕ್ಕದ ಪ್ರಕಾರ. ಲೆಕ್ಕ ಹಾಕಿ ಒಲೆ ಹಚ್ಚುವ ಮನೆಯಲ್ಲಿ ಮೊದಲು ಬಿಟ್ಟುಹೋಗುವುದು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯುವ ಅಡುಗೆ.

ಇದಕ್ಕೆ ಮಾಡಬಹುದಾದ್ದು ಇದೆ. ಕಾಳನ್ನು ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಬಿಗಿಯಾದ ಮುಚ್ಚಳ ಹಾಕಿ ಚೆನ್ನಾಗಿ ಕುದಿಸಿ. ಕುದಿಯುತ್ತಿರುವ ಪಾತ್ರೆಯನ್ನು ಹಾಗೇ ಇಳಿಸಿ, ಹಳೆ ಕಂಬಳಿ ತುಂಬಿದ ಬುಟ್ಟಿಯಲ್ಲಿಟ್ಟು ಸುತ್ತಲೂ ಒತ್ತಾಗಿ ಮುಚ್ಚಿದರೆ ಉಳಿದ ಬೇಯುವಿಕೆ ಬುಟ್ಟಿಯಲ್ಲೇ ಆಗುತ್ತದೆ. ರಾಜ್ಮಾ ಜಾತಿಯ ಕಾಳಾದರೆ ಮಾತ್ರ ಎಚ್ಚರ. ಅದನ್ನು ಅರ್ಧ ಗಂಟೆಯಾದರೂ ಬಲವಾಗಿ ಕುದಿಸಿಯೇ ಬುಟ್ಟಿಗಿಡಬೇಕು. ಅರೆಬೆಂದ ರಾಜ್ಮಾದಲ್ಲಿರುವ ವಿಷ ವಾಂತಿ ಭೇದಿ ತರುತ್ತದೆ, ಬುಟ್ಟಿಯ ಶಾಖಕ್ಕೆ ಅದು ಸಾಯುವುದಿಲ್ಲ.

ನೀರಿನ ಲೆಕ್ಕವೂ ಹೀಗೆಯೇ. ಪರಿಹಾರ ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಕುಡಿಯುವುದು, ಅಡುಗೆ, ಸ್ನಾನ, ಬಟ್ಟೆ ಎಲ್ಲ ಅದರಲ್ಲೇ. ಮೂರು ಸಲ ನೀರು ಬದಲಾಯಿಸಿ ತೊಳೆಯಬೇಕಾದ ಅಡುಗೆ ಅಲ್ಲಿ ಸಿರಿವಂತಿಕೆಯೇ ಸರಿ.

ಗಿರಣಿ, ಪಾತ್ರೆಗಳ ಸಮಸ್ಯೆ ಕಡಿಮೆ ದುಡ್ಡಿನಲ್ಲಿ ಬಗೆಹರಿಯುವಂಥದ್ದು. ಇಡೀ ಧಾನ್ಯ ರೇಷನ್ ಆಗಿ ಬರುವ ಕಡೆ ಬೀಸಿಸುವ ಕೂಲಿಗೆಂದು ಅದೇ ಧಾನ್ಯದ ಒಂದು ಪಾಲನ್ನು ಮಾರುತ್ತಾರೆ, ಊಟ ಅಷ್ಟು ಕಡಿಮೆಯಾಗುತ್ತದೆ. ಹೆಂಗಸರ ಗುಂಪೇ ನಡೆಸುವ ಒಂದು ಸಣ್ಣ ಗಿರಣಿ, ಹತ್ತು ಮನೆಗೆ ಒಂದು ದೊಡ್ಡ ಕಾವಲಿ, ಒಂದು ಒರಳು ಸಿಕ್ಕಿದರೆ ಪಟ್ಟಿಯ ಎಷ್ಟೋ ಸಾಲುಗಳನ್ನು ಹೊಡೆದುಹಾಕಬಹುದು. ನಿಮ್ಮ ಕೈಯಲ್ಲಿ ಪುಸ್ತಕದ ಮುದ್ರಣಕ್ಕಾಗುವಷ್ಟೇ ಹಣವಿದ್ದರೆ, ದಯವಿಟ್ಟು ಕಾವಲಿ ಕೊಳ್ಳಿ.

ಹೆಜ್ಜೆ 2: ರೇಷನ್ ಚೀಲ ಬಿಚ್ಚಿ ನೋಡಿ

ತುರ್ತು ರೇಷನ್ನಿನ ಲೆಕ್ಕ ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲೊರಿ. ಧಾನ್ಯ, ಬೇಳೆಕಾಳು, ಎಣ್ಣೆ, ಉಪ್ಪು, ಕೆಲವು ಕಡೆ ಸಕ್ಕರೆ ಮತ್ತು ಪೋಷಕಾಂಶ ಬೆರೆಸಿದ ಹಿಟ್ಟು, ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಇದೂ ಪೂರ್ತಿ ಬರುತ್ತದೆಂಬ ಖಾತ್ರಿಯಿಲ್ಲ. ಕಾಕ್ಸ್ ಬಜಾರ್‌ನಲ್ಲಿ 2023ರ ಮಾರ್ಚ್‌ನಲ್ಲಿ ತಲಾ ತಿಂಗಳ ರೇಷನ್ ಮೊತ್ತ 12 ಡಾಲರಿನಿಂದ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಯಿತು. ಅಂಥ ತಿಂಗಳಲ್ಲಿ ಪರಂಪರೆಯ ಅಡುಗೆ ಎಂದು ಮಾತೆತ್ತುವುದೇ ಸಂಕೋಚದ ಕೆಲಸ. ಆಗ ದಾಖಲೆ ಬದಿಗಿಟ್ಟು ಸುಮ್ಮನಿರುವುದೂ ಒಂದು ಮರ್ಯಾದೆ.

ಕ್ಯಾಲೊರಿ ಲೆಕ್ಕ ಸರಿಯಾದರೆ ಊಟ ಸರಿಯಾಯಿತೆಂದಲ್ಲ. 1990ರಲ್ಲಿ ಮಲಾವಿಯಲ್ಲಿದ್ದ ಮೊಜಾಂಬಿಕ್ ನಿರಾಶ್ರಿತರಲ್ಲಿ 18,000ಕ್ಕೂ ಹೆಚ್ಚು ಮಂದಿಗೆ ಪೆಲ್ಲಾಗ್ರ ಬಂತು. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಚರ್ಮ ಸುಟ್ಟಂತಾಗಿ ಸುಲಿಯುವ ಕಾಯಿಲೆ ಅದು. ರೇಷನ್ನಿನಲ್ಲಿ ಮೆಕ್ಕೆಜೋಳ ಬರುತ್ತಲೇ ಇತ್ತು, ಶೇಂಗಾ ಮಾತ್ರ ನಿಂತಿತ್ತು. ಚೀಲದಿಂದ ಒಂದು ಸಾಮಾನು ಇಳಿದರೆ ಏನಾಗುತ್ತದೆಂದು ಹೇಳಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಗಾಗಿ ಹಂಚುವವರ ಮುಂದೆ ಕೂತಾಗ ದೊಡ್ಡ ಪಟ್ಟಿ ಇಡಬೇಡಿ. ಒಂದೇ ಒಂದು ಸಾಮಾನು ಕೇಳಿ, ರೇಷನ್ನಿನ ಸಪ್ಪೆ ಅನ್ನವನ್ನು ‘ನಮ್ಮ ಊಟ’ ಮಾಡುವಂಥದ್ದು. ಥಾಯ್ಲೆಂಡ್–ಮ್ಯಾನ್ಮಾರ್ ಗಡಿಯ ಶಿಬಿರಗಳಲ್ಲಿ ಬಾರ್ಡರ್ ಕನ್ಸೋರ್ಷಿಯಮ್ ಎಂಬ ಸಂಸ್ಥೆ ಅಕ್ಕಿ, ಕಾಳು, ಎಣ್ಣೆ, ಉಪ್ಪಿನ ಜೊತೆ ಹುದುಗಿಸಿದ ಮೀನಿನ ಪೇಸ್ಟ್ ಮತ್ತು ಒಣಮೆಣಸಿನಕಾಯಿಯನ್ನೂ ವರ್ಷಗಟ್ಟಲೆ ಹಂಚಿತು. ಹೊರಗಿನವರ ಮೂಗಿಗೆ ಆ ಪೇಸ್ಟಿನ ವಾಸನೆ ತಡೆಯಲಾಗದ್ದು. ಆ ಶಿಬಿರಗಳಲ್ಲಿ ಹೆಚ್ಚಾಗಿರುವ ಮ್ಯಾನ್ಮಾರ್‌ನ ಕರೆನ್ ಜನರಿಗೆ ಅದಿಲ್ಲದ ಊಟ ಊಟವಲ್ಲ. ಕಾರ್ಡಿನ ಮೂಲಕ ಅಂಗಡಿಯಲ್ಲಿ ಕೊಳ್ಳುವ ವ್ಯವಸ್ಥೆ ಇರುವ ಶಿಬಿರವಾದರೆ ಕೆಲಸ ಇನ್ನೂ ಸುಲಭ: ಅಂಗಡಿಯವನು ಆ ಸಾಮಾನು ತರಿಸಿಟ್ಟರೆ ಸಾಕು. ಎಷ್ಟು ಮನೆಗೆ ಬೇಕು, ತಿಂಗಳಿಗೆ ಎಷ್ಟು ಬೇಕು ಎಂಬ ಲೆಕ್ಕ ಕೈಯಲ್ಲಿರಲಿ. ಅಂಕಿ ಹಿಡಿದು ಹೋದವರ ಮಾತಿಗೆ ಬೆಲೆ ಜಾಸ್ತಿ.

ಹೆಜ್ಜೆ 3: ಒಪ್ಪಿಗೆ ಪಡೆಯಿರಿ, ನಿಜವಾದ ಒಪ್ಪಿಗೆ

ಓಡಿಬಂದವರ ಹೆಸರು, ಮುಖ, ಊರು ಎಲ್ಲವೂ ಅಪಾಯದ ಮಾಹಿತಿ. ಊರಲ್ಲಿ ಉಳಿದ ತಮ್ಮನಿಗೆ ಇಲ್ಲಿನ ಒಂದು ವಿಡಿಯೊ ಕುತ್ತು ತರಬಹುದು. ಆದ್ದರಿಂದ ಧ್ವನಿಗೆ, ಫೋಟೊಗೆ, ಹೆಸರಿಗೆ, ಊರಿನ ಹೆಸರಿಗೆ ಬೇರೆ ಬೇರೆಯಾಗಿ ಒಪ್ಪಿಗೆ ಕೇಳಿ. ‘ಕೈ ಮಾತ್ರ ತೆಗೆಯಿರಿ, ಮುಖ ಬೇಡ’ ಎಂದರೆ ಕೈ ಮಾತ್ರ. ನಾಳೆ ಮನಸ್ಸು ಬದಲಾದರೆ ಅಳಿಸುತ್ತೇವೆಂದು ಹೇಳಿ, ಯಾರಿಗೆ ಹೇಳಿಕಳಿಸಬೇಕೆಂದೂ ತಿಳಿಸಿ.

ಸಹಿ ಹಾಕಿಸಿಕೊಳ್ಳುವ ಕಾಗದ ಇಲ್ಲಿ ಕೆಲಸಕ್ಕೆ ಬರುವುದು ಕಡಿಮೆ. ಕಾಗದ ನೀಡುವವರೆಲ್ಲ ರೇಷನ್ ಕಾರ್ಡಿನವರು ಎಂದೇ ಶಿಬಿರದವರ ಅನುಭವ, ಇಲ್ಲ ಎಂದರೆ ಕಾರ್ಡಿಗೆ ತೊಂದರೆಯಾದೀತೆಂದು ಹೂಂ ಎನ್ನುತ್ತಾರೆ. ಅದಕ್ಕೇ ಹಂಚಿಕೆಯ ದಿನ, ಹಂಚುವವರ ಜೊತೆ ಹೋಗಿ ಕೇಳಬಾರದು. ಕೇಳುವವರು ಆ ಸಮುದಾಯದ ಹುಡುಗಿಯೇ ಆದರೆ ಒಳ್ಳೆಯದು. ಅಡುಗೆ ಮಾಡಿ ತೋರಿಸುವವರ ಸಾಮಾನಿನ ಖರ್ಚು, ಅವರ ಒಂದು ದಿನದ ಕೂಲಿ ನಿಮ್ಮದು. ಗಂಡಸರನ್ನೂ ಮರೆಯಬೇಡಿ. ರೊಟ್ಟಿ ಭಟ್ಟಿಯವರು, ಮಾಂಸ ಕಡಿಯುವವರು, ಮೀನು ಒಣಗಿಸುವವರು, ಚಹಾ ಮಾಡುವವರು ಎಷ್ಟೋ ಕಡೆ ಗಂಡಸರೇ.

ಹೆಜ್ಜೆ 4: ಹದವನ್ನು ದಾಖಲಿಸಿ

ಈ ಹೆಜ್ಜೆಗೆ ಅವಸರ ಬೇಡ. ಸಾಮಾನಿನ ಪಟ್ಟಿ ಬರೆಯುವುದು ಹತ್ತು ನಿಮಿಷದ ಕೆಲಸ. ಹದ ಹಿಡಿಯುವುದಕ್ಕೆ ಮೂರು ದಿನ ಬೇಕು. ಒಂದೇ ಅಡುಗೆಯನ್ನು ಒಬ್ಬರೇ ಮೂರು ಸಲ ಮಾಡುವಾಗ ಕೂತು ನೋಡಿ. ಮೊದಲ ಸಲ ಬರೆಯದೆ, ರೆಕಾರ್ಡ್ ಮಾಡದೆ ಬರೀ ನೋಡಿ, ತಿನ್ನಿ. ಎರಡನೆಯ ಸಲ ತೂಕ, ಹೊತ್ತು ಬರೆದುಕೊಳ್ಳಿ. ಮೂರನೆಯ ಸಲ ನೀವೇ ಮಾಡಿ, ಅವರು ನಿಮ್ಮನ್ನು ಬೈಯಲಿ. ಆ ಬೈಗುಳವನ್ನು ರೆಕಾರ್ಡ್ ಮಾಡಿ. ಗೊತ್ತಿದ್ದವರು ತಾವು ಮಾಡುವಾಗ ಹೇಳದೇ ಬಿಡುವ ಮಾತೆಲ್ಲ ಇನ್ನೊಬ್ಬರು ತಪ್ಪುವಾಗ ಬಾಯಿಗೆ ಬರುತ್ತದೆ.

ಸುಡಾನಿನ ಕಿಸ್ರಾವನ್ನೇ ತೆಗೆದುಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ಮೇಲೆ ಗಡಿ ದಾಟಿ ಚಾಡ್ ಸೇರಿದವರ ಜೊತೆ ಅದೂ ದಾಟಿತು. ಜೋಳದ ಹಿಟ್ಟಿಗೆ ನೀರು ಸೇರಿಸಿ ಹುಳಿ ಬರಿಸಿ, ಕಾದ ಕಾವಲಿಯ ಮೇಲೆ ಸುರಿದು, ಗೆರ್ಗೆರಿಬ ಎಂಬ ತಾಳೆಗರಿಯ ಚಿಕ್ಕ ತುಂಡಿನಿಂದ ಕಾಗದದಷ್ಟು ತೆಳ್ಳಗೆ ಎಳೆಯುವ ರೊಟ್ಟಿ. ‘ಎಷ್ಟು ಹಿಟ್ಟು’ ಎಂದರೆ ಅಜ್ಜಿ ‘ಸಾಕಾಗುವಷ್ಟು’ ಎನ್ನುತ್ತಾರೆ. ಅವರ ಕೈಗೆ ಅಳತೆ ಲೋಟ ಕೊಟ್ಟರೆ ಕೈಯೇ ತಡವರಿಸುತ್ತದೆ. ಬದಲಿಗೆ ಹಿಟ್ಟಿನ ಡಬ್ಬಿಯನ್ನು ಅಡುಗೆಗೆ ಮೊದಲು ತೂಗಿಡಿ, ಅವರ ಪಾಡಿಗೆ ಅವರು ಹಿಡಿ ಹಿಡಿಯಾಗಿ ತೆಗೆದುಕೊಳ್ಳಲಿ, ಮುಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಅಳತೆ. ನೀರಿನ ಬಿಂದಿಗೆಗೂ ಎಣ್ಣೆ ಬಾಟಲಿಗೂ ಇದೇ ಉಪಾಯ.

ತೂಕ ಸಿಕ್ಕಿದ ಮೇಲೆ ಕಣ್ಣು, ಕಿವಿ, ಮೂಗಿನ ಕೆಲಸ. ಹಿಟ್ಟು ಹುಳಿ ಬಂದದ್ದು ಯಾವುದರಿಂದ ಗೊತ್ತಾಯಿತು, ಮೇಲೆದ್ದ ಗುಳ್ಳೆಯಿಂದಲೋ ವಾಸನೆಯಿಂದಲೋ? ಕಾವಲಿ ಕಾದದ್ದನ್ನು ಹೇಗೆ ನೋಡುತ್ತಾರೆ? ಗರಿಯನ್ನು ತಮ್ಮ ಕಡೆ ಎಳೆಯುತ್ತಾರೋ ಆಚೆ ತಳ್ಳುತ್ತಾರೋ? ರೊಟ್ಟಿಯ ಅಂಚು ತಾನಾಗಿ ಏಳುವ ತನಕ ಎಷ್ಟು ಹೊತ್ತು ಹಿಡಿಯಿತು? ಇವನ್ನು ಅವರದೇ ಭಾಷೆಯ ಮಾತಿನಲ್ಲಿ ಬರೆಯಿರಿ, ಅನುವಾದ ಆಮೇಲೆ. ಹಿಟ್ಟಿನ ಒಂದೊಂದು ಸ್ಥಿತಿಗೂ ಒಂದೊಂದು ಮಾತಿರುತ್ತದೆ. ಅದನ್ನು ‘ಕಲಸಿ’ ಎಂಬ ಒಂದೇ ಪದಕ್ಕೆ ಇಳಿಸಿದರೆ ಅರ್ಧ ವಿದ್ಯೆ ಅಲ್ಲೇ ಹೋಯಿತು.

ಕೊನೆಗೊಂದು ಪ್ರಶ್ನೆ ಉಳಿಸಿಕೊಳ್ಳಿ: ‘ಇದು ಕೆಟ್ಟರೆ ಏನು ಮಾಡುತ್ತೀರಿ?’ ಹುಳಿ ಹೆಚ್ಚಾದರೆ, ಅಂಟಿಕೊಂಡರೆ, ಹರಿದರೆ ಸರಿಪಡಿಸುವ ಬಗೆ ಪಾಕಪುಸ್ತಕಗಳಲ್ಲಿ ಇರುವುದೇ ಇಲ್ಲ. ಹೊಸಬರಿಗೆ ಬೇಕಾಗುವುದು ಅದೇ.

ಹೆಜ್ಜೆ 5: ಯಾವ ಹಂತವನ್ನೂ ‘ಸುಮ್ಮನೆ’ ಎಂದುಕೊಳ್ಳಬೇಡಿ

ಹಳೆ ಅಡುಗೆಯ ಉದ್ದನೆಯ ವಿಧಾನಗಳನ್ನು ಶಿಬಿರದ ಅವಸರದಲ್ಲಿ ಮೊಟಕು ಮಾಡಬೇಕೆನಿಸುತ್ತದೆ. ಕೆಲವನ್ನು ಮಾಡಬಹುದು. ಕೆಲವು ವಿಷ ತೆಗೆಯುವ ಹಂತಗಳು. ಕಹಿ ಮರಗೆಣಸಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ದಿನಗಟ್ಟಲೆ ನೆನೆಸಿ ಒಣಗಿಸುವುದು ಅದನ್ನು ಕಳೆಯಲಿಕ್ಕೆ. 1981ರಲ್ಲಿ ಯುದ್ಧ, ಬರಗಾಲದ ನಡುವೆ ಉತ್ತರ ಮೊಜಾಂಬಿಕ್‌ನ ಜನ ಸರಿಯಾಗಿ ಹದ ಮಾಡದ ಮರಗೆಣಸನ್ನೇ ತಿನ್ನಬೇಕಾಗಿ ಬಂದು ಸಾವಿರಕ್ಕೂ ಹೆಚ್ಚು ಮಂದಿಯ ಕಾಲುಗಳು ಸೆಟೆದುಕೊಂಡವು. ಕೊಂಜೊ ಎಂಬ ಆ ಕಾಯಿಲೆ ಬಂದರೆ ಕಾಲು ಮತ್ತೆ ಸರಿಹೋಗುವುದಿಲ್ಲ.

ಕಾಡಿನ ಸೊಪ್ಪು, ಅಣಬೆಯಲ್ಲಿ ಅಪಾಯ ಇನ್ನೊಂದು ಬಗೆಯದು. ಊರಲ್ಲಿ ಗುರುತು ತಪ್ಪದ ಕಣ್ಣು ಹೊಸ ಮಣ್ಣಿನಲ್ಲಿ ಮೋಸಹೋಗುತ್ತದೆ. 2015ರಲ್ಲಿ ಜರ್ಮನಿಗೆ ಬಂದ ನಿರಾಶ್ರಿತರಲ್ಲಿ ಹಲವರು ತಮ್ಮ ಸೀಮೆಯ ತಿನ್ನುವ ಅಣಬೆಯಂತೆಯೇ ಕಂಡ ಡೆತ್ ಕ್ಯಾಪ್ ಅಣಬೆ ತಿಂದು ಆಸ್ಪತ್ರೆ ಸೇರಿದರು. ಕುದಿಸಿದರೂ ಅದರ ವಿಷ ಹೋಗದು. ಆರಿಸಿ ತಂದದ್ದನ್ನು ಅಲ್ಲಿನ ನೆಲ ಬಲ್ಲ ಸ್ಥಳೀಯರಿಗೆ ತೋರಿಸದೆ ಪಾತ್ರೆಗೆ ಹಾಕಬಾರದು, ಎಷ್ಟೇ ಅನುಭವಿಯಾಗಿರಲಿ.

ಹೆಜ್ಜೆ 6: ಬದಲಿ ಸಾಮಾನನ್ನು ನಾಚಿಕೆಯಿಲ್ಲದೆ ಬರೆಯಿರಿ

ಪ್ರತಿ ಅಡುಗೆಗೂ ಎರಡು ಕಾಲಮ್ ಇರಲಿ: ಊರಲ್ಲಿ ಹೇಗೆ, ಇಲ್ಲಿ ಹೇಗೆ. ಇಥಿಯೋಪಿಯ, ಎರಿಟ್ರಿಯದವರು ಹುಳಿ ಹಿಟ್ಟಿನಿಂದ ದೋಸೆಯಂತೆ ಮಾಡುವ ಇಂಜೆರಾಗೆ ಟೆಫ್ ಎಂಬ ಸಣ್ಣ ಕಾಳು ಬೇಕು, ರೇಷನ್ನಿನಲ್ಲಿ ಅದು ಬರುವುದಿಲ್ಲ. ಜೋಳದ ಹಿಟ್ಟು, ಗೋಧಿ ಹಿಟ್ಟು ಬೆರೆಸಿ ಮಾಡುತ್ತಾರೆ. ‘ಇದು ನಿಜವಾದದ್ದಲ್ಲ’ ಎಂದು ಅವರೇ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಬರೆಯುವವರು ಅದಕ್ಕೆ ತಲೆಯಾಡಿಸಬಾರದು. ಎಷ್ಟು ಪಾಲು ಬೆರೆಸಿದರೆ ಹರಿಯುವುದಿಲ್ಲ, ಹುಳಿ ಬರಲು ಎಷ್ಟು ಹೊತ್ತು ಹೆಚ್ಚು ಬೇಕು ಎಂಬ ಲೆಕ್ಕವೂ ಕಷ್ಟಪಟ್ಟು ಕಂಡುಕೊಂಡ ವಿದ್ಯೆಯೇ.

ಸಹ್ರಾವಿಗಳ ಚಹಾ ನೋಡಿ. ಮೂರು ಲೋಟ ಕುಡಿಯದೆ ಏಳುವ ಹಾಗಿಲ್ಲ. ಮೊದಲನೆಯದು ಬದುಕಿನಂತೆ ಕಹಿ, ಎರಡನೆಯದು ಪ್ರೀತಿಯಂತೆ ಸಿಹಿ, ಮೂರನೆಯದು ಸಾವಿನಂತೆ ಮೆತ್ತಗೆ ಎಂಬುದು ಅವರ ಮಾತು. ಆ ಹಸಿರು ಚಹಾದ ಎಲೆ ಅವರ ನೆಲದಲ್ಲಿ ಎಂದೂ ಬೆಳೆದದ್ದಲ್ಲ, ಬರುವುದು ಚೀನಾದಿಂದ. ನೊರೆ ಏಳುವಂತೆ ಎತ್ತರದಿಂದ ಲೋಟದಿಂದ ಲೋಟಕ್ಕೆ ಸುರಿಯುವ ಕೈ, ಕೆಂಡದ ಸುತ್ತ ಕೂರುವ ಗಂಟೆಗಟ್ಟಲೆ ಹೊತ್ತು ಅವರದು. ಸಾಮಾನು ಬದಲಾದರೂ ಬದಲಾಗದೇ ಇರುವ ಕ್ರಮ ಯಾವುದು ಎಂದು ಪ್ರತಿ ಅಡುಗೆಯಲ್ಲೂ ಹುಡುಕಿ, ಅದನ್ನು ಪುಟದ ತಲೆಗೆ ಬರೆಯಿರಿ.

ಹೆಜ್ಜೆ 7: ಬೀಜ ಮತ್ತು ಚೀಲದ ತೋಟ

ಸ್ಫಿಯರ್ ಲೆಕ್ಕದಲ್ಲಿ ದಾರಿ, ಅಡುಗೆ ಜಾಗ, ಕೈತೋಟ ಎಲ್ಲ ಸೇರಿ ತಲಾ 45 ಚದರ ಮೀಟರ್ ಇರಬೇಕು. ತುಂಬಿದ ಶಿಬಿರಗಳಲ್ಲಿ ಅಷ್ಟು ಕನಸಿನ ಮಾತು. ಹಾಗಾಗಿ ರೇಷನ್ನಿನ ಖಾಲಿ ಚೀಲವೇ ತೋಟ. ನಡುವೆ ಕಲ್ಲು ಜಲ್ಲಿಯ ಕಂಬ, ಸುತ್ತ ಮಣ್ಣು ಗೊಬ್ಬರ ತುಂಬಿ, ಪಕ್ಕಗಳಲ್ಲಿ ತೂತು ಮಾಡಿ ಸೊಪ್ಪು ನೆಡಿ. ಮೇಲಿಂದ ಸುರಿದ ನೀರು ಜಲ್ಲಿಯ ಮೂಲಕ ಎಲ್ಲ ಕಡೆ ಇಳಿಯುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಇದಕ್ಕೆ ಸಾಕು. ಸೋಪಿನ ನೀರು ಬೇಡ. ಏನು ನೆಡಬಹುದು, ಎಲ್ಲಿ ನೆಡಬಹುದು ಎಂಬ ನಿಯಮ ಮೊದಲು ಕೇಳಿಕೊಳ್ಳಿ. ಕಷ್ಟಪಟ್ಟು ಬೆಳೆಸಿದ್ದನ್ನು ಕಿತ್ತುಹಾಕಿಸಿದರೆ ಮತ್ತೆ ಯಾರೂ ಕೈಹಾಕುವುದಿಲ್ಲ.

ಊರಿಂದ ಸೆರಗಿನ ಗಂಟಿನಲ್ಲಿ ಬಂದ ನಾಲ್ಕು ಬೀಜವಿದ್ದರೆ ಎಲ್ಲವನ್ನೂ ಒಂದೇ ಸಲ ಬಿತ್ತಬೇಡಿ. ಅರ್ಧ ಉಳಿಸಿಕೊಳ್ಳಿ. ಹುರುಳಿಕಾಯಿ, ಟೊಮೆಟೊದಂಥವು ಬೇರೆ ತಳಿಯೊಂದಿಗೆ ಸುಲಭವಾಗಿ ಬೆರೆಯುವುದಿಲ್ಲ, ಅವುಗಳಿಂದ ಶುರು ಮಾಡಿ. ಕುಂಬಳ, ಸೋರೆ ಜಾತಿಯವು ಅಕ್ಕಪಕ್ಕದ ತಳಿಯ ಪರಾಗ ಹಿಡಿದುಬಿಡುತ್ತವೆ. ಬೀಜವನ್ನು ಬಗ್ಗಿಸಿದರೆ ಬಾಗದೆ ಪಟ್ಟನೆ ಮುರಿಯುವಷ್ಟು ನೆರಳಲ್ಲಿ ಒಣಗಿಸಿ, ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ತಳಿಯ ಹೆಸರು, ವರ್ಷ ಬರೆದು ತಂಪಾದ ಕಡೆ ಇಡಿ. ಒಂದು ಪಾಲು ಇನ್ನೊಬ್ಬರ ಮನೆಯಲ್ಲಿರಲಿ. ಅಲೆಪ್ಪೊ ಹತ್ತಿರವಿದ್ದ ಇಕಾರ್ಡಾ ಸಂಸ್ಥೆಯ ಬೀಜಭಂಡಾರ ಸಿರಿಯಾ ಯುದ್ಧದಲ್ಲಿ ಕೈತಪ್ಪಿದಾಗ ಉಪಯೋಗಕ್ಕೆ ಬಂದದ್ದು ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಇಟ್ಟಿದ್ದ ಇನ್ನೊಂದು ಪಾಲು. 2015ರಲ್ಲಿ ಅದನ್ನು ವಾಪಸ್ ತರಿಸಿ ಲೆಬನಾನ್, ಮೊರಾಕೊದಲ್ಲಿ ಮತ್ತೆ ಬೆಳೆದರು.

ಹೆಜ್ಜೆ 8: ಮಕ್ಕಳ ಕೈಗೆ, ಸಂತೆಯ ಕೈಗೆ

ಮಕ್ಕಳಿಗೆ ‘ಪರಂಪರೆಯ ತರಗತಿ’ ಇಡಬೇಡಿ, ಬೇಸರ ಬರುತ್ತದೆ. ಹಬ್ಬ, ಮದುವೆ, ಮಗು ಹುಟ್ಟಿದ ದಿನಗಳ ಪಂಚಾಂಗ ಮಾಡಿ, ಆಯಾ ದಿನದ ಅಡುಗೆಗೆ ಹತ್ತು ಮನೆಯ ಸಾಮಾನು ಒಟ್ಟುಗೂಡಿಸಿ, ಸುಲಿಯುವ, ಬೀಸುವ, ಎಳೆಯುವ ಕೆಲಸಕ್ಕೆ ಮಕ್ಕಳನ್ನು ಕೂರಿಸಿ. ಹುಡುಗರನ್ನೂ.

ಮಾರಾಟದ ಬಗ್ಗೆ ನನಗೆ ಎರಡು ಮನಸ್ಸು. ಸಿರಿಯಾದಿಂದ ಓಡಿಬಂದವರಿಗಾಗಿ ಜೋರ್ಡಾನಿನ ಜಾತರಿ ಶಿಬಿರ 2012ರ ಜುಲೈನಲ್ಲಿ ತೆರೆದದ್ದೇ ತಡ, ಮುಖ್ಯ ಬೀದಿಯ ಉದ್ದಕ್ಕೂ ಅಂಗಡಿಗಳೆದ್ದವು, ಫಲಾಫೆಲ್ ಕರಿಯುವವರು, ರೊಟ್ಟಿ ಸುಡುವವರು ಕೂತರು. ದುಡಿಮೆ ಸಿಕ್ಕಿದ ಅಡುಗೆ ಉಳಿಯುತ್ತದೆ, ನಿಜ. ಆದರೆ ಗಿರಾಕಿ ಕೇಳುವ ನಾಲ್ಕೈದು ತಿಂಡಿ ಉಳಿದು, ಬಾಣಂತಿಯ ಗಂಜಿ, ಜ್ವರದವರ ಸಾರು ಮರೆತುಹೋಗುವುದೂ ನಿಜ. ಸಂತೆಗೆ ಹೋಗದ ಅಡುಗೆಯನ್ನೇ ಮೊದಲು ದಾಖಲಿಸಿ.

ಹೆಜ್ಜೆ 9: ಈಗ ಪುಸ್ತಕ

ಮೊದಲ ಪ್ರತಿ ಶಿಬಿರದ ಭಾಷೆಯಲ್ಲಿ, ಶಿಬಿರದಲ್ಲೇ ಇರಬೇಕು. ಓದು ಬಾರದವರಿಗೆ ಧ್ವನಿಯೇ ಪುಸ್ತಕ. ಸಣ್ಣ ಕಡತಗಳಾಗಿ ಮಾಡಿ ಮೆಮೊರಿ ಕಾರ್ಡಿಗೆ ಹಾಕಿದರೆ ಇಂಟರ್ನೆಟ್ ಇಲ್ಲದ ಫೋನಿನಲ್ಲೂ ಕೇಳಬಹುದು. ಒಟ್ಟು ಮೂರು ಪ್ರತಿ: ಒಂದು ಶಿಬಿರದಲ್ಲಿ, ಒಂದು ಬೇರೆ ಊರಿನಲ್ಲಿ, ಒಂದು ಬೇರೆ ದೇಶದಲ್ಲಿ. ಶಿಬಿರಗಳಿಗೆ ಬೆಂಕಿ ಬೀಳುವುದು ಅಪರೂಪವಲ್ಲ.

ಯುನೆಸ್ಕೊ ಪಟ್ಟಿಯ ಆಸೆ ಹಲವರಿಗಿದೆ. ಉಕ್ರೇನಿನ ಬೋರ್ಷ್ಟ್ ಎಂಬ ಬೀಟ್‌ರೂಟ್ ಸಾರಿನ ಅಡುಗೆ 2022ರ ಜುಲೈ 1ರಂದು ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿ ಸೇರಿದ್ದು ಯುದ್ಧದಿಂದ ಜನ ಚದುರಿದ ಕಾರಣಕ್ಕೇ. ಆದರೆ ಅಲ್ಲಿ ಅರ್ಜಿ ಹಾಕುವುದು ದೇಶದ ಸರ್ಕಾರ. ದೇಶವೇ ಇಲ್ಲದ ಅಡುಗೆಗೆ ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ.

ಹೆಜ್ಜೆ 10: ಹೊರಡುವವರ ಗಂಟು

ನೇಪಾಳದ ಶಿಬಿರಗಳಲ್ಲಿದ್ದ ಭೂತಾನಿನ ನಿರಾಶ್ರಿತರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು 2007ರಿಂದಾಚೆ ಎಂಟು ದೇಶಗಳಿಗೆ ಕಳಿಸಲಾಯಿತು. ಅಕ್ಕಪಕ್ಕದ ಗುಡಿಸಲಿನವರು ಬೇರೆ ಬೇರೆ ಖಂಡ ಸೇರಿದರು. ಹಾಗೆ ಹೊರಡುವ ಪ್ರತಿ ಮನೆಗೂ ಮೆಮೊರಿ ಕಾರ್ಡಿನ ಒಂದು ಪ್ರತಿ, ಇತರ ಮನೆಗಳ ಹೊಸ ಫೋನ್ ನಂಬರು ಬರೆದುಕೊಳ್ಳಲು ಒಂದು ಖಾಲಿ ಪುಸ್ತಕ ಕೊಡಿ. ಬೀಜ, ಒಣಮೀನು ಒಯ್ಯಲು ಕೆಲವು ದೇಶಗಳು ಬಿಡುವುದಿಲ್ಲ, ವಿಮಾನ ಹತ್ತುವ ಮೊದಲೇ ವಿಚಾರಿಸಿ.

ಹುದುಗು ಹಿಟ್ಟಿನ ಅಡುಗೆಯಾದರೆ ಹೊರಡುವ ವಾರ ಮೊದಲು ಒಂದು ಕೆಲಸ ಮಾಡಿ. ಚೆನ್ನಾಗಿ ಹುಳಿ ಬಂದ ಹಿಟ್ಟನ್ನು ಶುಭ್ರವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿ ತಾನಾಗಿ ಚಕ್ಕೆ ಏಳತೊಡಗಿದಾಗ ಪುಡಿ ಮಾಡಿ ಪೊಟ್ಟಣ ಕಟ್ಟಿ. ಹೊಸ ಮನೆಯಲ್ಲಿ ಒಂದು ಚಮಚ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಅಲ್ಲಿ ಸಿಗುವ ಹಿಟ್ಟು ಒಂದು ಹಿಡಿ ಸೇರಿಸಿ ಒಂದು ದಿನ ಬಿಡಿ. ಮರುದಿನ ಅರ್ಧ ಚೆಲ್ಲಿ ಮತ್ತೆ ಹಿಟ್ಟು, ನೀರು ಹಾಕಿ. ಮೊದಲ ಎರಡು ಮೂರು ದಿನ ಏನೂ ಆಗದಂತೆ ಕಾಣಬಹುದು. ಬಣ್ಣ ತಿರುಗಿ ಬೂಷ್ಟು ಬಂದರೆ ಎಲ್ಲ ಚೆಲ್ಲಿ ಉಳಿದ ಪುಡಿಯಿಂದ ಮತ್ತೆ ಶುರು ಮಾಡಿ. ಗುಳ್ಳೆ ಎದ್ದು ಹುಳಿ ವಾಸನೆ ಬಂದರೆ ಕಾವಲಿ ಕಾಯಿಸಿ.